ಡಿಕ್ಕಿಯಾದರೂ ಜೀವ ಉಳಿಯಬೇಕು: ರಸ್ತೆ ವಿನ್ಯಾಸದಲ್ಲಿ ನನ್ನ ಅನುಭವ

ನಾನು ರಸ್ತೆ ವಿನ್ಯಾಸ ಮಾಡುವ ಎಂಜಿನಿಯರ್. ಗುಂಡಿ ಮುಚ್ಚೋದು ಬೇರೆಯವರ ಕೆಲಸ. ಜನ ಸಾಯುತ್ತಿರುವ ರಸ್ತೆಯನ್ನು ಸಾಯದ ಹಾಗೆ ಬದಲಾಯಿಸೋದು ನಮ್ಮ ತಂಡದ ಕೆಲಸ. ಇಲ್ಲಿ ಬರೆಯುತ್ತಿರುವುದು ಎರಡು ಲೇನಿನ ಒಂದು ರಸ್ತೆಯ ಬಗ್ಗೆ. ಎರಡು ಊರುಗಳನ್ನು ಸೇರಿಸುವ ರಸ್ತೆ. ನಡುವೆ ಒಂದಿಷ್ಟು ದೂರ ಮನೆ, ಶಾಲೆ, ಬಸ್ ನಿಲ್ದಾಣ. ಅದು ಮುಗಿಯುವಲ್ಲಿ ನಾಲ್ಕು ದಾರಿ ಕೂಡುವ ಜಂಕ್ಷನ್. ಆಮೇಲೆ ನೇರ, ಖಾಲಿ ಹೆದ್ದಾರಿ.

ಮೊದಲು ಕೈಗೆ ಬಂದದ್ದು ಪೊಲೀಸ್ ದಾಖಲೆಗಳು. ಕಾರಣ ಬರೆಯುವ ಜಾಗದಲ್ಲೆಲ್ಲ ಒಂದೇ ಮಾತು, ಚಾಲಕನ ಅಜಾಗರೂಕತೆ. ಸುಳ್ಳೇನಲ್ಲ. ಆದರೆ ಅದನ್ನಿಟ್ಟುಕೊಂಡು ನಾನು ಏನು ಕಟ್ಟಲಿ? ಮನುಷ್ಯ ಮೈಮರೆಯುತ್ತಾನೆ, ತೂಕಡಿಸುತ್ತಾನೆ, ದೂರದ ಅಂದಾಜು ತಪ್ಪುತ್ತಾನೆ. ನಾಳೆಯೂ ತಪ್ಪುತ್ತಾನೆ. ಹಾಗಾಗಿ ಆ ಕಾಲಂ ಬಿಟ್ಟು ಉಳಿದವನ್ನು ಓದಿದೆವು. ಯಾರಿಗೆ ಬಡಿಯಿತು, ಯಾವ ಕೋನದಲ್ಲಿ ಬಡಿಯಿತು, ಅಲ್ಲಿ ಗಾಡಿಗಳ ವೇಗ ಎಷ್ಟಿರುತ್ತದೆ. ಸಾವುಗಳು ನಾಲ್ಕು ಗುಂಪಾಗಿ ಬಿದ್ದವು. ರಸ್ತೆ ದಾಟುವವರಿಗೆ ಬಡಿದದ್ದು, ಜಂಕ್ಷನ್‌ನಲ್ಲಿ ಪಕ್ಕಕ್ಕೆ ಗುದ್ದಿದ್ದು, ಎದುರುಬದುರು ಡಿಕ್ಕಿ, ರಸ್ತೆ ಬಿಟ್ಟು ಮರಕ್ಕೋ ಕಂಬಕ್ಕೋ ಹೊಡೆದದ್ದು. ಹಿಂದಿನಿಂದ ತಾಗಿ ಬಂಪರ್ ಒಡೆದ ಪ್ರಕರಣಗಳು ಲೆಕ್ಕದಲ್ಲಿ ಇವೆಲ್ಲಕ್ಕಿಂತ ಜಾಸ್ತಿ ಇದ್ದವು. ಅವನ್ನು ಬದಿಗಿಟ್ಟೆವು. ಒಂದು ಸಾವು ತಪ್ಪಿಸಲು ನಾಲ್ಕು ಬಂಪರ್ ಹೋದರೆ ಹೋಗಲಿ ಅನ್ನುವವನು ನಾನು.

ಈ ರೀತಿ ಯೋಚಿಸುವುದು ಹೊಸದೇನಲ್ಲ. ನೆದರ್ಲೆಂಡ್ಸ್‌ನವರು 1992ರಲ್ಲೇ ತಮ್ಮ ಸುಸ್ಥಿರ ಸುರಕ್ಷತೆಯ ನೀತಿ ತಂದರು. 1997ರಲ್ಲಿ ಸ್ವೀಡನ್ ಸಂಸತ್ತು 'ವಿಷನ್ ಜೀರೊ' ಒಪ್ಪಿತು. ರಸ್ತೆಯಲ್ಲಿ ಯಾರೂ ಸಾಯಬಾರದು, ಜೀವನಪೂರ್ತಿ ನರಳುವಂಥ ಗಾಯವೂ ಆಗಬಾರದು ಎನ್ನುವುದು ಅದರ ಗುರಿ. ಹೊಣೆ ಬಳಸುವವರ ಮೇಲೆ ಮಾತ್ರವಲ್ಲ, ರಸ್ತೆ ಕಟ್ಟುವವರ ಮೇಲೂ ಬಿತ್ತು. ನನ್ನಂಥವರ ಹೆಗಲಿಗೆ, ಅಂದರೆ.

ಲೆಕ್ಕ ಶುರುವಾಗುವುದು ಮನುಷ್ಯನ ದೇಹದಿಂದ. ನಡೆದು ಹೋಗುವವರಿಗೆ ಕಾರು ಬಡಿದರೆ ಗಂಟೆಗೆ 30 ಕಿ.ಮೀ. ಒಳಗೆ ಸಾಮಾನ್ಯವಾಗಿ ಬದುಕುತ್ತಾರೆ. ಒಳ್ಳೆಯ ಕಾರಿನೊಳಗೆ ಬೆಲ್ಟ್ ಹಾಕಿ ಕೂತವರು ಪಕ್ಕದ ಹೊಡೆತವನ್ನು ಸುಮಾರು 50ರವರೆಗೆ, ಎದುರಿನ ಹೊಡೆತವನ್ನು 70ರವರೆಗೆ ತಡೆದುಕೊಳ್ಳಬಲ್ಲರು. ವೇಗ ಎರಡು ಪಟ್ಟಾದರೆ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಸಭೆಗಳಲ್ಲಿ ಇದನ್ನು ಹೀಗೆ ಹೇಳುತ್ತೇನೆ: 30ರಲ್ಲಿ ಬಡಿಯುವುದು ಸುಮಾರು ಮೂರೂವರೆ ಮೀಟರ್ ಎತ್ತರದಿಂದ ಬಿದ್ದ ಹಾಗೆ, 50ರಲ್ಲಿ ಬಡಿಯುವುದು ಹತ್ತು ಮೀಟರ್‌ನಿಂದ ಬಿದ್ದ ಹಾಗೆ. ಮೂರನೇ ಮಹಡಿಯ ಹತ್ತಿರ ಹತ್ತಿರ, ಅಲ್ವಾ?

ನಿಲ್ಲುವ ದೂರದ ಲೆಕ್ಕ ಇನ್ನೂ ಕಟುವಾಗಿದೆ. ಚಾಲಕ ಕಂಡು, ಬ್ರೇಕ್ ತುಳಿಯಲು ಒಂದು ಸೆಕೆಂಡ್ ಹಿಡಿಯಿತು ಅಂದುಕೊಳ್ಳಿ. ಒಣ ರಸ್ತೆ, ಗಟ್ಟಿ ಬ್ರೇಕ್. 30ರಲ್ಲಿರುವ ಕಾರು ಸುಮಾರು 13 ಮೀಟರ್‌ಗೆ ಪೂರ್ತಿ ನಿಂತಿರುತ್ತದೆ. 50ರಲ್ಲಿರುವ ಕಾರು ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರ್ ಹೋಗಿರುತ್ತದೆ. ಅಂದರೆ ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದಕ್ಕೆ ಇನ್ನೂ ಬ್ರೇಕೇ ಬಿದ್ದಿಲ್ಲ. ಮಗು ಅಲ್ಲೇ ನಿಂತಿದ್ದರೆ ಪೂರ್ತಿ 50ರಲ್ಲೇ ಬಡಿಯುತ್ತದೆ.

ಶಾಲೆ, ಬಸ್ ನಿಲ್ದಾಣದ ಭಾಗಕ್ಕೆ 30 ಎಂದು ನಿರ್ಧರಿಸಿದ್ದು ಹಾಗೆ. ನಿರ್ಧಾರ ಸುಲಭ, ಗಾಡಿಗಳನ್ನು 30ಕ್ಕೆ ಇಳಿಸೋದು ಕಷ್ಟ. ಬೋರ್ಡ್ ಹಾಕಿದರೆ ಸಾಕಲ್ವಾ ಎಂದು ಕೇಳುವವರು ಪ್ರತಿ ಸಭೆಯಲ್ಲೂ ಇರುತ್ತಾರೆ. ಬೋರ್ಡ್ ಅಲ್ಲಿ ಮೊದಲೇ ಇತ್ತು! ಸ್ಪೀಡ್ ಗನ್ ಹಿಡಿದು ಅಳೆದರೆ ಹೆಚ್ಚಿನ ಗಾಡಿಗಳು ಅದರ ಪಕ್ಕದಲ್ಲೇ 60ರ ಆಸುಪಾಸಿನಲ್ಲಿ ಹೋಗುತ್ತಿದ್ದವು. ಚಾಲಕ ಬೋರ್ಡಿಗಿಂತ ರಸ್ತೆಯನ್ನು ನಂಬುತ್ತಾನೆ. ಅಗಲ, ನೇರ, ನುಣುಪು ಕಂಡರೆ ಕಾಲು ತಾನಾಗಿ ಒತ್ತುತ್ತದೆ.

ಅದಕ್ಕೇ ರಸ್ತೆಯ ರೂಪವನ್ನೇ ಬದಲಿಸಿದೆವು. ಮನೆಗಳು ಶುರುವಾಗುವಲ್ಲಿ ರಸ್ತೆಯ ನಡುವೆ ದ್ವೀಪದಂತೆ ಒಂದು ಕಟ್ಟೆ ಕಟ್ಟಿ, ನೇರ ದಾರಿಯನ್ನು ಸ್ವಲ್ಪ ಬಾಗಿಸಿದೆವು. ಬಂದ ವೇಗದಲ್ಲೇ ಒಳಗೆ ನುಗ್ಗಲು ಆಗುವುದಿಲ್ಲ. ಲೇನ್ ಅಗಲವನ್ನು 3.5 ಮೀಟರ್‌ನಿಂದ 3ಕ್ಕೆ ಇಳಿಸಿದೆವು. ಉಳಿದ ಜಾಗ ಫುಟ್‌ಪಾತ್‌ಗೆ ಹೋಯಿತು. ಜನ ದಾಟುವ ಕಡೆ ರಸ್ತೆಯನ್ನೇ ಸುಮಾರು 10 ಸೆಂ.ಮೀ. ಎತ್ತರಿಸಿ, ಜೀಬ್ರಾ ಪಟ್ಟಿಯನ್ನು ಅದರ ಮೇಲೆ ಬಳಿಸಿದೆವು. ನಡೆಯುವವರು ಕೆಳಗಿಳಿಯಬೇಕಿಲ್ಲ, ಗಾಡಿಯೇ ಹತ್ತಿ ಇಳಿಯುತ್ತದೆ. ದಾಟುವ ಜಾಗ ಆರಿಸುವಾಗ ನಕ್ಷೆ ನೋಡಿ ಗೆರೆ ಎಳೆಯಲಿಲ್ಲ. ಬಸ್ ಇಳಿದವರು ಯಾವ ಕಡೆ ಕಾಲಿಡುತ್ತಾರೆ ಎಂದು ನಿಂತು ನೋಡಿದೆವು. ಐವತ್ತು ಮೀಟರ್ ಆಚೆ ಚೆಂದದ ಕ್ರಾಸಿಂಗ್ ಮಾಡಿಟ್ಟರೂ ಜನ ತಮಗೆ ಹತ್ತಿರವಾದ ಕಡೆಯೇ ದಾಟುತ್ತಾರೆ. ಅದಕ್ಕೆ ಜನರನ್ನು ಬೈಯುವುದು ಸುಮ್ನೆ ವ್ಯರ್ಥ.

ಕ್ರಾಸಿಂಗ್ ಪಕ್ಕದ ಪಾರ್ಕಿಂಗ್ ತೆಗೆಸಿ, ಆ ಜಾಗಕ್ಕೆ ಫುಟ್‌ಪಾತನ್ನೇ ಮುಂದಕ್ಕೆ ಚಾಚಿದೆವು. ನಿಂತ ವ್ಯಾನಿನ ಹಿಂದಿನಿಂದ ಬರುವ ಮಗು ಚಾಲಕನಿಗೆ ಕಾಣುವುದೇ ಇಲ್ಲ. ಈಗ ದಾಟಬೇಕಾದ ದೂರವೂ ಕಡಿಮೆ. ತಗಾದೆ ಬಂದದ್ದು ಬಸ್ ಚಾಲಕರಿಂದ. ಎತ್ತರಿಸಿದ ಜಾಗದಲ್ಲಿ ಹಿಂದಿನ ಸೀಟಿನವರು ಎಗರುತ್ತಾರೆ ಎಂದರು. ಅವರ ಮಾತು ನ್ಯಾಯವೇ. ಬಸ್ಸು ಹೋಗುವ ದಾರಿಯಲ್ಲಿ ಇಳಿಜಾರನ್ನು ಉದ್ದ ಮಾಡಬೇಕು, ಮೇಲಿನ ಸಮತಟ್ಟು ಭಾಗವೂ ಉದ್ದ ಬೇಕು. ಹಾಗೇ ಮಾಡಿದೆವು. ಗುಪ್ಪೆಯಂತೆ ಸುರಿದ ಹಂಪ್ ನನಗೂ ಇಷ್ಟವಿಲ್ಲ. ಬೈಕ್ ಸವಾರನನ್ನು ಬೀಳಿಸುವ ಹಂಪ್ ಯಾರ ಜೀವ ಉಳಿಸೀತು?

ಜಂಕ್ಷನ್‌ಗೆ ಸಿಗ್ನಲ್ ಬೇಕು ಎಂದು ಬಹಳ ಜನ ಹೇಳಿದರು. ನಾನು ಒಪ್ಪಲಿಲ್ಲ. ಕೆಂಪು ದೀಪ ದಾಟಿ ಬಂದವನು ಪೂರ್ತಿ ವೇಗದಲ್ಲಿ ಪಕ್ಕಕ್ಕೆ ಗುದ್ದುತ್ತಾನೆ, ಹೆದ್ದಾರಿಯಲ್ಲಿ ಅದು 50ಕ್ಕಿಂತ ಎಷ್ಟೋ ಜಾಸ್ತಿ. ಸಿಗ್ನಲ್ ಇಲ್ಲದ ಸಣ್ಣ ರೌಂಡ್‌ಅಬೌಟ್ ಹಾಕಿದೆವು, ಅಂದರೆ ಗಾಡಿಗಳು ನಡುವಿನ ದಿಬ್ಬವನ್ನು ಸುತ್ತಿ ಹೋಗುವ ವೃತ್ತ. ಸಾಮಾನ್ಯ ನಾಲ್ಕು ದಾರಿ ಜಂಕ್ಷನ್‌ನಲ್ಲಿ ಗಾಡಿಗಳ ದಾರಿ ಒಂದಕ್ಕೊಂದು ತಾಗುವ ಜಾಗಗಳು 32. ಒಂದು ಲೇನಿನ ರೌಂಡ್‌ಅಬೌಟ್‌ನಲ್ಲಿ 8. ನೇರ ಪಕ್ಕಕ್ಕೆ ಗುದ್ದುವ ಕೋನವೇ ಅಲ್ಲಿಲ್ಲ, ತಾಗಿದರೂ ಓರೆಯಾಗಿ, ನಿಧಾನವಾಗಿ. ಅಮೆರಿಕದಲ್ಲಿ 24 ಜಂಕ್ಷನ್‌ಗಳನ್ನು ಹೀಗೆ ಬದಲಿಸಿ ನೋಡಿದ ಅಧ್ಯಯನದಲ್ಲಿ ಒಟ್ಟು ಡಿಕ್ಕಿಗಳು ಸುಮಾರು ಶೇ 40 ಇಳಿದಿದ್ದವು. ಗಾಯ ಮಾಡುವ ಡಿಕ್ಕಿಗಳು ಮುಕ್ಕಾಲು ಭಾಗ ಇಳಿದಿದ್ದವು. ಸಾವು ಮತ್ತು ತೀವ್ರ ಗಾಯದ ಡಿಕ್ಕಿಗಳು ಅಂದಾಜು ಶೇ 90. ಎರಡು ಲೇನ್ ಮಾಡೋಣ, ಟ್ರಾಫಿಕ್ ಬೇಗ ಹೋಗುತ್ತದೆ ಎಂಬ ಒತ್ತಡ ಬಂತು. ಎರಡು ಲೇನಾದರೆ ಒಳಗೆ ವೇಗ ಏರುತ್ತದೆ, ದಾಟುವವರಿಗೂ ಕಷ್ಟ. ಒಂದೇ ಲೇನಿಗೆ ಗಟ್ಟಿಯಾಗಿ ನಿಂತೆವು. ಲಾರಿಗಳಿಗೆ ತಿರುಗಲು ಜಾಗ ಸಾಲದು ಎಂದಾಗ ನಡುವಿನ ದಿಬ್ಬದ ಸುತ್ತ ಹತ್ತಿ ಹೋಗಬಹುದಾದ ಒರಟು ಕಲ್ಲಿನ ಪಟ್ಟಿ ಹಾಕಿದೆವು. ಲಾರಿಯ ಹಿಂದಿನ ಚಕ್ರ ಅದರ ಮೇಲೆ ಹೋಗುತ್ತದೆ, ಕಾರಿನವನು ಹತ್ತಿಸಲು ಇಷ್ಟಪಡುವುದಿಲ್ಲ.

ಊರಾಚೆಯ ಹೆದ್ದಾರಿಯಲ್ಲಿ ಸಮಸ್ಯೆ ಎದುರುಬದುರು ಡಿಕ್ಕಿ. ಇಬ್ಬರೂ 90ರಲ್ಲಿ ಬರುತ್ತಾರೆ, ನಡುವೆ ಇರುವುದು ಒಂದು ಬಿಳಿ ಗೆರೆ. ಬಣ್ಣ ಯಾರನ್ನು ತಡೆದೀತು? ಸ್ವೀಡನ್‌ನವರು 1998ರಲ್ಲಿ ಇ4 ಹೆದ್ದಾರಿಯ ಒಂದು ಭಾಗದಲ್ಲಿ ಹೊಸ ಪ್ರಯತ್ನ ಮಾಡಿದರು. 13 ಮೀಟರ್ ಅಗಲದ ಹಳೇ ರಸ್ತೆಯನ್ನೇ ಮೂರು ಲೇನ್ ಮಾಡಿ, ನಡುವೆ ಉಕ್ಕಿನ ಹಗ್ಗದ ಬೇಲಿ ಹಾಕಿದರು. ಮಧ್ಯದ ಲೇನ್ ಒಮ್ಮೆ ಈ ಕಡೆಯವರಿಗೆ, ಒಮ್ಮೆ ಆ ಕಡೆಯವರಿಗೆ. ಬೇಲಿಗೆ ಗಾಡಿ ತಾಗುವುದು ಜಾಸ್ತಿಯಾಯಿತು. ಇಂಥ ರಸ್ತೆಗಳಲ್ಲಿ ಸಾವು ಮಾತ್ರ ಸುಮಾರು ಮುಕ್ಕಾಲು ಭಾಗ ಇಳಿಯಿತು. ಹಗ್ಗ ಬೈಕ್ ಸವಾರರನ್ನು ಕತ್ತರಿಸುತ್ತದೆ ಎಂಬ ಭಯ ಎಲ್ಲೆಡೆ ಇದೆ, ಆದರೆ ಅಲ್ಲಿ ಅವರ ಸಾವೂ ಕಡಿಮೆಯೇ ಆಗಿದೆ.

ನಾವೂ ಅದೇ ದಾರಿ ಹಿಡಿದೆವು. ಒಂದು ವ್ಯತ್ಯಾಸ, ನಮ್ಮ ರಸ್ತೆಯ ಅಂಚಿನಲ್ಲಿ ಸೈಕಲ್, ಕಾಲ್ನಡಿಗೆ ಎರಡೂ ಇತ್ತು. ಅಂಚನ್ನು ಲೇನ್ ಮಾಡಿಬಿಟ್ಟರೆ ಅವರೆಲ್ಲಿ ಹೋಗಬೇಕು? ಅವರಿಗೆ ಪ್ರತ್ಯೇಕ ದಾರಿ ಆಗುವವರೆಗೆ ಕೆಲಸ ಶುರು ಮಾಡಬಾರದು ಎಂದು ಪಟ್ಟು ಹಿಡಿದೆ. ಡಿವೈಡರ್‌ನಲ್ಲಿ ಗ್ಯಾಪ್ ಬಿಡಿ ಎಂಬ ಬೇಡಿಕೆಯೂ ಬಂತು. ಪ್ರತಿ ಗ್ಯಾಪೂ ಒಂದು ಹೊಸ ಜಂಕ್ಷನ್. ಗ್ಯಾಪ್ ಬದಲು ಎರಡೂ ತುದಿಯ ರೌಂಡ್‌ಅಬೌಟ್‌ನಲ್ಲಿ ತಿರುಗಿ ಬರುವ ವ್ಯವಸ್ಥೆ ಕೊಟ್ಟೆವು.

ರಸ್ತೆ ಪಕ್ಕದ ಕೆಲಸ ಚಿಕ್ಕದು, ಆದರೆ ಯಾರೂ ನೋಡುವುದಿಲ್ಲ. ಗಾರ್ಡ್ ರೈಲ್, ಅಂದರೆ ಗಾಡಿ ರಸ್ತೆ ಬಿಟ್ಟು ಹೋಗದಂತೆ ಅಂಚಿಗೆ ಹಾಕುವ ಲೋಹದ ತಡೆಪಟ್ಟಿ. ಅದರ ತುದಿ ಮೀನಿನ ಬಾಲದಂತೆ ಬರಿದೇ ನಿಂತಿದ್ದರೆ ಕಾರಿನೊಳಗೆ ಈಟಿಯಂತೆ ನುಗ್ಗುತ್ತದೆ. ಹೊಡೆತ ನುಂಗಿಕೊಳ್ಳುವ ತುದಿ ಹಾಕಬೇಕು. ಸೇತುವೆಯ ಕಟ್ಟೆಗೆ ಆ ಪಟ್ಟಿಯನ್ನು ಗಟ್ಟಿಯಾಗಿ ಜೋಡಿಸಬೇಕು. ತಿರುವಿನ ಹೊರಬದಿಯ ಕಂಬಗಳನ್ನು ಸ್ಥಳಾಂತರಿಸಿದೆವು. ಮರ ಕಡಿಯಲು ನನಗೆ ಮನಸ್ಸಾಗಲಿಲ್ಲ, ಸಾಲುಮರದ ಭಾಗದಲ್ಲಿ ವೇಗ ಇಳಿಸಿ, ಬೇಕಾದ ಕಡೆ ಬ್ಯಾರಿಯರ್ ಹಾಕಿದೆವು.

ಹೊತ್ತು ಹಾಳು ಎಂದು ಗೊಣಗಿದವರಿಗೆ ಒಂದು ಲೆಕ್ಕ ತೋರಿಸುತ್ತೇನೆ. 600 ಮೀಟರ್ ದಾಟಲು 60ರಲ್ಲಿ 36 ಸೆಕೆಂಡ್, 30ರಲ್ಲಿ 72. ವ್ಯತ್ಯಾಸ 36 ಸೆಕೆಂಡ್. ಕೆಲವರು ಒಪ್ಪುತ್ತಾರೆ, ಕೆಲವರು ಒಪ್ಪುವುದಿಲ್ಲ.

ರಸ್ತೆ ತೆರೆದ ಮೇಲೂ ಕೆಲಸ ಮುಗಿಯಲಿಲ್ಲ. ಸಾವಿನ ಲೆಕ್ಕಕ್ಕೆ ಕಾಯುವುದಾದರೆ ವರ್ಷಗಟ್ಟಲೆ ಕಾಯಬೇಕು, ಯಾರೋ ಸಾಯಲೂ ಬೇಕು. ಬದಲಿಗೆ ವೇಗ ಅಳೆಯುತ್ತೇವೆ. ಕ್ರಾಸಿಂಗ್‌ಗೆ ಕ್ಯಾಮೆರಾ ಹಾಕಿ, ಯಾರು ಗಕ್ಕನೆ ಬ್ರೇಕ್ ಹಾಕಿದರು, ಯಾರು ಓಡಿ ದಾಟಿದರು ಎಂದು ನೋಡುತ್ತೇವೆ. ಶಾಲೆ ಬಿಡುವ ಹೊತ್ತಿನ ವಿಡಿಯೊದಲ್ಲಿ ಮಕ್ಕಳು ಓಡುವುದು ಕಡಿಮೆಯಾಗಿದೆ. ಬಸ್ ನಿಲ್ದಾಣದ ಹಿಂದಿನ ಕ್ರಾಸಿಂಗ್‌ನಲ್ಲಿ ಮಾತ್ರ ರಾತ್ರಿ ಹೊತ್ತು ವೇಗ ಇನ್ನೂ 40ರ ಮೇಲಿದೆ. ಅಲ್ಲಿಗೆ ಬೆಳಕು ಜಾಸ್ತಿ ಮಾಡಿ, ದಾಟುವವರು ನಡುವೆ ನಿಲ್ಲಲು ಎರಡು ಮೀಟರ್ ಅಗಲದ ದ್ವೀಪ ಸೇರಿಸುವ ನಕ್ಷೆ ಈಗ ಮೇಜಿನ ಮೇಲಿದೆ.