ಹಳೆಯ ಸಾಮಾನು ಸಿಕ್ಕರೆ ಮೊದಲು ಬರೆಯಿರಿ, ಆಮೇಲೆ ಒರೆಸಿ

ಗದಗ ಸೀಮೆಯ ನಮ್ಮೂರಲ್ಲಿ ಹಳೆಯ ಶಾಲೆಯ ಒಂದು ಕೋಣೆಯೇ ಮ್ಯೂಸಿಯಂ. ಕೀಲಿ ನನ್ನ ಹತ್ತಿರ ಇರುತ್ತದೆ. ಅಕ್ಕಪಕ್ಕದ ಊರಿನವರು ಬಂದು, "ಅಕ್ಕಾರ, ನಾವೂ ಹಿಂಗೊಂದು ಮಾಡಬೇಕು, ಕಪಾಟು ಎಷ್ಟು ಬೇಕು?" ಅಂತ ಕೇಳುತ್ತಾರೆ. ಕಪಾಟು ಆಮೇಲೆ. ಮೊದಲು ಒಂದು ದಪ್ಪ ರಿಜಿಸ್ಟರ್ ತನ್ನಿ.

ಸಾಮಾನು ಬಂದ ದಿನವೇ ಅದಕ್ಕೊಂದು ನಂಬರ್ ಕೊಡಿ. ಕೊಟ್ಟವರು ಯಾರು, ಪೂರ್ತಿ ಕೊಟ್ಟರೋ, ವಾಪಸ್ ಕೇಳುತ್ತಾರೋ ಅಂತ ಬರೆದು ಸಹಿ ಹಾಕಿಸಿ. ಇಲ್ಲವಾದರೆ ಮುಂದೆ ಅಣ್ಣತಮ್ಮಂದಿರ ಜಗಳ ನಿಮ್ಮ ಬಾಗಿಲಿಗೆ ಬರುತ್ತದೆ. ನಂತರ ಅವರನ್ನು ಕೂರಿಸಿ, ಚಹಾ ಕೊಟ್ಟು ಮಾತಾಡಿಸಿ. ನಮ್ಮಲ್ಲಿರುವ ಒಂದು ಕೊಳಗದ, ಅಂದರೆ ಕಾಳು ಅಳೆಯುವ ಪಾತ್ರೆಯ ಮುಂದೆ ರಿಜಿಸ್ಟರಿನಲ್ಲಿ ಹೀಗಿದೆ: "ಕಣದಲ್ಲಿ ಜೋಳ ಅಳೆಯಲು. ಬಡಗಿ, ಕಮ್ಮಾರರ ಆಯದ (ಕೆಲಸಕ್ಕೆ ಕೂಲಿಯಾಗಿ ಕೊಡುವ) ಕಾಳನ್ನೂ ಇದರಲ್ಲೇ ಅಳೆಯುತ್ತಿದ್ದರು. ಅಂಚು ತಗ್ಗಾಗಿದೆ, ಅಳೆಯೋನು ಎಡಗೈಯವನಂತೆ." ಈ ನಾಲ್ಕು ಮಾತು ಇಲ್ಲದಿದ್ದರೆ ಅದು ಸುಮ್ನೆ ಒಂದು ಡಬ್ಬಿ ಅಲ್ವಾ?

ಈಗ ಒರೆಸುವ ಮಾತು. ಹಿತ್ತಾಳೆ ಕಂಡ ತಕ್ಷಣ ನಮ್ಮ ಹೆಣ್ಣುಮಕ್ಕಳ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ತಡೆಯಿರಿ. ಕಿಲೋ, ಲೀಟರ್ ಕಡ್ಡಾಯವಾದದ್ದು 1956ರ ತೂಕ-ಅಳತೆ ಕಾಯ್ದೆಯ ನಂತರ. ಅದಕ್ಕಿಂತ ಹಿಂದಿನ ಕೆಲವು ಸೇರು, ಪಾವುಗಳ ಮೇಲೆ ಸರ್ಕಾರದ ಸಣ್ಣ ಮುದ್ರೆ ಇರುತ್ತದೆ. ಬೂದಿ ಹಾಕಿ ತಿಕ್ಕಿದರೆ ಮೊದಲು ಸವೆಯುವುದು ಅದೇ. ಮೆತ್ತಗಿನ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಬಿತ್ತುವ ಕೂರಿಗೆ, ನೊಗಕ್ಕೆ ಪೇಂಟ್ ಬೇಡವೇ ಬೇಡ. ನಮ್ಮ ಸೋದರಮಾವ ಒಬ್ಬರು ಹಸಿರು ಪೇಂಟ್ ಡಬ್ಬಿ ಹಿಡಿದೇ ಬಂದಿದ್ದರು, ಕೀಲಿ ಕೊಡಲಿಲ್ಲ! ಮರದ ಸಾಮಾನಿನ ಕೆಳಗೆ ಕಪ್ಪು ಕಾಗದ ಹಾಸಿ. ನಾಲ್ಕು ದಿನದಲ್ಲಿ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಹುಳ ಇದೆ ಅಂತ ಅರ್ಥ. ಅದನ್ನು ಬೇರೆ ಕಡೆ ಇಡಿ.

ಬಟ್ಟೆಗೆ ಜಾಸ್ತಿ ಕಾಳಜಿ ಬೇಕು. ಕಸೂತಿ ಹಾಕಿದ ಇಳಕಲ್ ಸೀರೆಯನ್ನು ಮಡಚಿಟ್ಟರೆ ಮಡಿಕೆಯಲ್ಲೇ ಹರಿಯುತ್ತದೆ. ಮಾದರಪಾಟ್ ಎಂಬ ಸಾದಾ ಹತ್ತಿ ಬಟ್ಟೆಯನ್ನು ಎರಡು ಮೂರು ಸಲ ಒಗೆದು ಗಂಜಿ ತೆಗೆಯಿರಿ. ಅದನ್ನು ದಪ್ಪ ಕೊಳವೆಗೆ ಸುತ್ತಿ, ಅದರ ಮೇಲೆ ಸೀರೆ ಸುತ್ತಿ. ಸುತ್ತುವ ಮುಂಚೆ ಸೆರಗಿನ ಹಿಂಬದಿಯ ಫೋಟೋ ತೆಗೆಯಿರಿ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆಯಾದರೆ ತೇರು, ಗೋಪುರ ಎರಡೂ ಕಡೆ ಒಂದೇ ಥರ ಕಾಣುತ್ತವೆ. ನೋಡಲು ಬಂದವರಿಗೆ ಅದನ್ನೇ ತೋರಿಸಬೇಕು. ನಂಬರನ್ನು ಬಟ್ಟೆ ಪಟ್ಟಿಯ ಮೇಲೆ ಬರೆದು ಅಂಚಿಗೆ ಸಡಿಲವಾಗಿ ಹೊಲಿಯಿರಿ. ಪಿನ್ ಬೇಡ, ತುಕ್ಕು ಹಿಡಿಯುತ್ತದೆ.

ಕಾಗದಪತ್ರಕ್ಕೆ ಲ್ಯಾಮಿನೇಶನ್, ಸೆಲೋಟೇಪ್ ಎರಡೂ ಬೇಡ. ನಂಬರ್ ಪೆನ್ಸಿಲ್‌ನಲ್ಲಿ, ಮೂಲೆಯಲ್ಲಿ. ಮೋಡಿ ಲಿಪಿಯ (ಮರಾಠಿ ಬರೆಯಲು ಬಳಸುತ್ತಿದ್ದ ಹಳೆಯ ಕೂಡುಬರಹ) ಹಾಳೆ ಓದಲು ಬರದಿದ್ದರೂ ಎಸೆಯಬೇಡಿ. ಇಲ್ಲಿ 1956ರವರೆಗೆ ಮುಂಬಯಿ ಆಡಳಿತ ಇತ್ತಲ್ಲ, ಲೆಕ್ಕಪತ್ರ ಎಷ್ಟೋ ಮೋಡಿಯಲ್ಲೇ ಇವೆ. ಹಳೆಯ ಕಾಗದದಲ್ಲಿ "ಜಿಲ್ಲಾ ಧಾರವಾಡ" ಅಂತ ಇದ್ದರೆ ಹಾಗೇ ಬರೆದುಕೊಂಡು, ಪಕ್ಕದಲ್ಲಿ ಈಗಿನ ಜಿಲ್ಲೆ ಹಾಕಿ. ಗದಗ, ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಕಲ್ಲು ಮಾತ್ರ ತರಬೇಡಿ. ಲಕ್ಕುಂಡಿ ಕಡೆ ಹೊಲ ಉಳುವಾಗ ಶಿಲ್ಪ, ಶಾಸನ ಸಿಗುವುದು ಹೊಸದೇನಲ್ಲ. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ ಪ್ರಾಚ್ಯವಸ್ತು, ಹಸ್ತಪ್ರತಿಗಾದರೆ 75 ವರ್ಷ ಸಾಕು. ಇದ್ದಲ್ಲೇ ಬಿಟ್ಟು, ಫೋಟೋ ತೆಗೆದು, ತಹಶೀಲ್ದಾರರಿಗೂ ಪ್ರಾಚ್ಯವಸ್ತು ಇಲಾಖೆಗೂ ತಿಳಿಸಿ. ಅಕ್ಷರದ ಮೇಲೆ ಸುಣ್ಣ, ಎಣ್ಣೆ ಹಚ್ಚಬೇಡಿ.

ತಿಂಗಳಿಗೊಮ್ಮೆ ರಿಜಿಸ್ಟರಿನ ಹೊಸ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು, ಒಂದು ಪ್ರತಿಯನ್ನು ಬೇರೆಯವರ ಮನೆಯಲ್ಲಿ ಇಡಿ. ಶಾಲೆಯ ಮಾಳಿಗೆ ಮಳೆಗಾಲದಲ್ಲಿ ಸೋರುತ್ತದೆ.