ಕೋರ್ಟಿಗೆ ಹೋಗಬೇಡಿ ಎಂದು ಪೌಲನು ಹೇಳಿದ್ದು ಯಾರಿಗೆ?

ಕಾರವಾರದಲ್ಲಿ ಸಿವಿಲ್ ವಕಾಲತ್ತು ಮಾಡುವ ಕ್ರೈಸ್ತ ವಕೀಲ ನಾನು. ನಮ್ಮವರ ಮನೆಗಳಿಂದ ನನ್ನ ಬಳಿಗೆ ಬರುವ ದಾವೆಗಳಲ್ಲಿ ಹೆಚ್ಚಿನವು ಹಿಸ್ಸೆಯವು. ಸದಾಶಿವಗಡದ ಕಡೆಯ ತೆಂಗಿನ ಹಿತ್ತಲು, ಅಂಕೋಲೆಯ ಗದ್ದೆ, ಹೊನ್ನಾವರದ ಹಳೆಯ ಹೆಂಚಿನ ಮನೆ. ತಂದೆ ತೀರಿಕೊಂಡಿರುತ್ತಾರೆ, ಪಹಣಿಯಲ್ಲಿ ಅಣ್ಣನ ಹೆಸರು ಒಂದೇ ಇರುತ್ತದೆ, ಮದುವೆಯಾಗಿ ಹೋದ ತಂಗಿ ಪಾಲು ಕೇಳುತ್ತಾಳೆ. ಆಗ ಮನೆಯಲ್ಲಿ ಯಾರಾದರೂ ಒಬ್ಬರು ಬೈಬಲ್ ತೆರೆದು ಯೇಸುವಿನ ಅಪೊಸ್ತಲ ಪೌಲನು ಕೊರಿಂಥದ ಕ್ರೈಸ್ತ ಸಭೆಯವರಿಗೆ ಬರೆದ ಮೊದಲನೆಯ ಪತ್ರದ ಆರನೆಯ ಅಧ್ಯಾಯವನ್ನು ಓದುತ್ತಾರೆ. ಸಹೋದರರು ಒಬ್ಬರ ಮೇಲೊಬ್ಬರು ವ್ಯಾಜ್ಯ ಹೂಡುವುದೇ ನಿಮಗೆ ಸೋಲು, ಅದಕ್ಕಿಂತ ಅನ್ಯಾಯವನ್ನು ಯಾಕೆ ಸಹಿಸಿಕೊಳ್ಳಬಾರದು ಎಂದು ಪೌಲನು ಕೇಳುವ ಭಾಗ ಅದು. ಓದುವವನು ಬಹುಮಟ್ಟಿಗೆ ಜಮೀನನ್ನು ಅನುಭವಿಸುತ್ತಿರುವವನೇ. ಕೇಳಿ ತಲೆ ತಗ್ಗಿಸುವವಳು ಪಾಲು ಸಿಗದವಳು.

ದೇವರ ವಾಕ್ಯವನ್ನು ಹೀಗೆ ಬಳಸುವುದನ್ನು ಕಂಡಾಗ ನನಗೆ ತಡೆಯಲಾಗದಷ್ಟು ಸಂಕಟವಾಗುತ್ತದೆ. ಏಳನೆಯ ವಚನಕ್ಕೇ ಪುಸ್ತಕ ಮುಚ್ಚುವುದರಿಂದ ಬರುವ ತೊಂದರೆ ಇದು. ಎಂಟನೆಯ ವಚನದಲ್ಲಿ ಪೌಲನು ಎದುರಿನವನ ಕಡೆಗೆ ತಿರುಗಿ, ನೀವೇ ಅನ್ಯಾಯ ಮಾಡುತ್ತೀರಿ, ವಂಚಿಸುತ್ತೀರಿ, ಅದೂ ಸಹೋದರರಿಗೇ ಎಂದು ಗದರುತ್ತಾನೆ. ಐದನೆಯ ವಚನದಲ್ಲಿ, ಸಹೋದರರ ನಡುವೆ ತೀರ್ಮಾನ ಹೇಳಬಲ್ಲ ಜಾಣ ಒಬ್ಬನಾದರೂ ನಿಮ್ಮಲ್ಲಿ ಇಲ್ಲವೇ ಎಂದು ಸಭೆಯನ್ನು ಕೇಳುತ್ತಾನೆ. ನ್ಯಾಯ ಕೇಳಬೇಡಿ ಎಂದು ಅವನು ಎಲ್ಲಿಯೂ ಹೇಳಿಲ್ಲ. ನ್ಯಾಯ ಕೊಡುವ ಹೊಣೆ ಮೊದಲು ನಿಮ್ಮದು ಎಂದು ಹೇಳಿದ್ದಾನೆ. ಆ ಹೊಣೆ ಹೊರದ ಸಭೆಗೆ ಹೆಣ್ಣುಮಗಳನ್ನು ಸುಮ್ಮನಿರಿಸುವ ಹಕ್ಕಿಲ್ಲ. ಪೌಲನೇ ಫಿಲಿಪ್ಪಿಯಲ್ಲಿ, ವಿಚಾರಣೆಯಿಲ್ಲದೆ ಹೊಡೆದವರು ತನ್ನನ್ನು ಗುಟ್ಟಾಗಿ ಬಿಟ್ಟು ಕಳುಹಿಸಲು ನೋಡಿದಾಗ, ಅವರೇ ಬಂದು ಹೊರಗೆ ಕರೆದುಕೊಂಡು ಹೋಗಲಿ ಎಂದು ಪಟ್ಟು ಹಿಡಿದ. ಮುಂದೆ ರೋಮನ್ ಅಧಿಪತಿ ಫೆಸ್ತನ ಎದುರು ನಿಂತು ಚಕ್ರವರ್ತಿ ಕೈಸರನಿಗೇ ಮೇಲ್ಮನವಿ ಮಾಡಿಕೊಂಡ.

ಹೀಗಾಗಿ ಹಿಸ್ಸೆಯ ವಿಷಯ ಬಂದಾಗ ನಾನು ಮತ್ತಾಯನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದ ಕ್ರಮವನ್ನು ಹಿಡಿಯುತ್ತೇನೆ. ಮೊದಲು ತಂಗಿ ಒಬ್ಬಳೇ ಹೋಗಿ ಅಣ್ಣನೊಡನೆ ಮಾತನಾಡಬೇಕು. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳೊಡನೆ ಹೋಗಬೇಕು. ಆಮೇಲೆ ಇಗರ್ಜಿಯ (ಚರ್ಚಿನ) ಹಿರಿಯರು, ಪಾದ್ರಿಗಳು. ಇಷ್ಟಾದ ಮೇಲೆಯೇ ನನ್ನ ನೋಟಿಸು. ಆದರೆ ಈ ಹೆಜ್ಜೆಗಳಿಗೆ ನಾನು ಗಡುವು ಹಾಕುತ್ತೇನೆ, ಏಕೆಂದರೆ ಮಾತುಕತೆ ನಡೆಯುತ್ತಿರುವಾಗಲೇ ಜಮೀನು ಪರಭಾರೆಯಾಗುವುದುಂಟು. ಕೊಳ್ಳುವವರು ಬಂದು ಅಳತೆ ಮಾಡಿಸಿ ಹೋದರು ಎಂಬ ಸುದ್ದಿ ಬಂದರೆ ಕಾಯುವುದಿಲ್ಲ. ದಾವೆಯ ಜೊತೆಗೆ ತಾತ್ಕಾಲಿಕ ತಡೆಯಾಜ್ಞೆಯ ಅರ್ಜಿಯನ್ನೂ ಹಾಕುತ್ತೇನೆ. ಹಣದ ಚಿಂತೆಯಿಂದ ಹಿಂದೆಗೆಯುವವರಿಗೆ, 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ ಎಂದು ಮೊದಲ ದಿನವೇ ತಿಳಿಸುತ್ತೇನೆ.

ಒಂದು ಪ್ರಕರಣವನ್ನು ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಕಾಳಿ ನದಿಯಾಚೆಯ ಮನೆ, ವಿಧವೆ ತಾಯಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ತಂದೆ ಮೃತ್ಯುಪತ್ರ ಬರೆದಿರಲಿಲ್ಲ. ಎಲ್ಲರನ್ನೂ ಕೂರಿಸಿ ಕಾಗದದ ಮೇಲೆ ಒಂಬತ್ತು ಚೌಕಗಳನ್ನು ಬರೆದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ವಿಧವೆಗೆ ಮೂರನೆಯ ಒಂದು ಭಾಗ, ಉಳಿದದ್ದು ಮಕ್ಕಳಿಗೆ, ಗಂಡು ಹೆಣ್ಣು ಎಂಬ ಭೇದವಿಲ್ಲದೆ ಸಮನಾಗಿ. ಮೂರು ಚೌಕಗಳಲ್ಲಿ ತಾಯಿಯ ಹೆಸರು ಬರೆದೆ, ಮಕ್ಕಳಿಗೆ ಎರಡೆರಡು. ತಾಯಿ ಕಾಗದವನ್ನು ಹತ್ತಿರಕ್ಕೆ ಎಳೆದುಕೊಂಡು ಬೆರಳಿಟ್ಟು ಎಣಿಸಿದರು.

"ಇವು ಮೂರೂ ನನ್ನವೇ? ಮಗನಿಗಿಂತ ಹೆಚ್ಚು?"

"ಹೌದಮ್ಮ, ನಿಮ್ಮವೇ."

ಅಲ್ಲಿಯವರೆಗೆ ಆ ತಾಯಿ, ತಾನು ಮಗನ ಮನೆಯಲ್ಲಿ ಅವನ ಔದಾರ್ಯದಿಂದ ಇದ್ದೇನೆ ಎಂದೇ ತಿಳಿದಿದ್ದರು. ಇಂಥ ತಾಯಂದಿರು ನಮ್ಮ ಕರಾವಳಿಯಲ್ಲಿ ಬಹಳ ಮಂದಿ ಇದ್ದಾರೆ. ಹೆಣ್ಣುಮಕ್ಕಳು ತವರಿನ ಆಸ್ತಿ ಕೇಳಬಾರದು ಎಂದು ಮೊದಲು ಹೇಳುವವರೂ ಅವರೇ. ಅಂಥವರಿಗೆ ಬೈಬಲಿನ ಅರಣ್ಯಕಾಂಡದ ಇಪ್ಪತ್ತೇಳನೆಯ ಅಧ್ಯಾಯವನ್ನು ಓದಿ ಹೇಳುತ್ತೇನೆ. ಚಲ್ಪಹಾದನ ಐವರು ಹೆಣ್ಣುಮಕ್ಕಳು ಮೋಶೆಯ ಮುಂದೆ, ಯಾಜಕನ ಮುಂದೆ, ಇಡೀ ಸಮೂಹದ ಮುಂದೆ ನಿಂತು ತಂದೆಯ ಆಸ್ತಿಯಲ್ಲಿ ಪಾಲು ಕೇಳಿದರು. ಅವರಿಗೆ ಅಣ್ಣತಮ್ಮಂದಿರು ಇರಲಿಲ್ಲ, ಆದ್ದರಿಂದ ಆ ತೀರ್ಪು ನಮ್ಮ ಪ್ರಕರಣಗಳಿಗೆ ಹಾಗೆಯೇ ಹೊಂದುವುದಿಲ್ಲ ಎಂಬುದನ್ನೂ ಹೇಳುತ್ತೇನೆ. ಆದರೆ ಕೇಳಿದ್ದೇ ತಪ್ಪು ಎಂದು ಯಾರೂ ಅವರನ್ನು ಗದರಲಿಲ್ಲ. ಮೋಶೆ ಅವರ ಮಾತನ್ನು ದೇವರ ಸನ್ನಿಧಿಗೆ ಒಯ್ದ, ಅವರು ಹೇಳಿದ್ದು ಸರಿ ಎಂಬ ಉತ್ತರ ಬಂತು.

ಅದೇ ಮನೆಯ ಹಿರಿಯ ಮಗಳು ಆಮೇಲೆ ಒಬ್ಬಳೇ ಬಂದು, "ವಕೀಲರೇ, ಮದುವೆಯಲ್ಲಿ ತಂದೆ ನನಗೆ ಚಿನ್ನ ಹಾಕಿದ್ದನ್ನು ಬರೆಯಬೇಡಿ" ಎಂದಳು. ಬರೆದರೆ ಪಾಲು ಕಡಿಮೆಯಾಗುತ್ತದೆ ಎಂಬ ಭಯ ಅವಳಿಗೆ. ಅದೇ ಕಾಯ್ದೆಯ 49ನೆಯ ಕಲಮು, ತಂದೆ ಬದುಕಿದ್ದಾಗ ಮಗುವಿಗೆ ಕೊಟ್ಟದ್ದನ್ನು ಪಾಲಿನ ಲೆಕ್ಕದಲ್ಲಿ ಹಿಡಿಯಬಾರದು ಎನ್ನುತ್ತದೆ. ಅವಳಿಗೆ ಅದನ್ನು ಓದಿ ಹೇಳಿ, ಸುಳ್ಳಿನ ಅಗತ್ಯವೇ ಇಲ್ಲ ಎಂದೆ. ಆ ಕಲಮು ಇಲ್ಲದಿದ್ದರೂ ನಾನು ಚಿನ್ನದ ಮಾತನ್ನು ಮರೆಮಾಚುತ್ತಿರಲಿಲ್ಲ. ಸಾಕ್ಷಿಯ ಪ್ರಮಾಣಪತ್ರವನ್ನು (ಅಫಿಡವಿಟ್ಟನ್ನು) ಸಹಿಗೆ ಮೊದಲು ವಾಕ್ಯ ವಾಕ್ಯವಾಗಿ ಕೊಂಕಣಿಯಲ್ಲಿ ಓದಿ ಹೇಳುವುದು ನನ್ನ ಪದ್ಧತಿ. ಪ್ರತಿ ವಾಕ್ಯಕ್ಕೂ "ಇದು ನೀವು ಕಣ್ಣಾರೆ ಕಂಡದ್ದೇ, ಯಾರೋ ಹೇಳಿದ್ದೇ?" ಎಂದು ಕೇಳುತ್ತೇನೆ. ಕೇಳಿದ ಮಾತು ಕಂಡ ಮಾತಾಗಿ ದಾಖಲೆ ಸೇರಿದರೆ, ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬಾರದು ಎಂಬ ಆಜ್ಞೆಯನ್ನು ಮುರಿದವನು ಸಾಕ್ಷಿಯೊಬ್ಬನೇ ಅಲ್ಲ, ಅದನ್ನು ಬರೆದುಕೊಟ್ಟ ವಕೀಲನೂ ಹೌದು.

ಕಕ್ಷಿದಾರರು ತಮ್ಮ ಕಥೆ ಹೇಳಿ ಮುಗಿಸಿದ ಕೂಡಲೇ ನಾನು ಕೇಳುವ ಪ್ರಶ್ನೆ: "ನಿಮ್ಮ ಅಣ್ಣ ಈ ಕುರ್ಚಿಯಲ್ಲಿ ಕೂತಿದ್ದರೆ ಏನು ಹೇಳುತ್ತಿದ್ದರು?" ಮೊದಲು ವಾದಿಸುವವನು ನ್ಯಾಯವಂತನಂತೆ ಕಾಣುತ್ತಾನೆ, ಎದುರಾಳಿ ಬಂದು ಪರೀಕ್ಷಿಸುವವರೆಗೆ ಎಂಬ ಅರ್ಥದ ಮಾತು ಜ್ಞಾನೋಕ್ತಿ 18:17ರಲ್ಲಿದೆ. ಈ ಮನೆಯಲ್ಲಿ ಆ ಪ್ರಶ್ನೆಗೆ ಬಂದ ಉತ್ತರ ಕೆಲಸಕ್ಕೆ ಬಂತು. ತಂದೆಯ ಕಾಯಿಲೆಯ ಖರ್ಚನ್ನು ಅಣ್ಣನೇ ಹೊತ್ತಿದ್ದ, ಹೆಂಚು ಬದಲಿಸಿದ್ದೂ ಅವನೇ ಎಂದು ಹಿರಿಯ ಮಗಳೇ ಒಪ್ಪಿಕೊಂಡಳು. ಅದನ್ನು ನೋಟಿಸಿನಲ್ಲಿಯೇ ಬರೆದೆ. ನೋಟಿಸು ತಲುಪಿದ ಮೇಲೆ ಅಣ್ಣ ವಕೀಲರ ಬಳಿಗೆ ಓಡುವ ಬದಲು ತಂಗಿಗೆ ಫೋನು ಮಾಡಿದ.

ಬಡವರ ಪರವಾಗಿ ನಿಲ್ಲುವುದೇ ಕ್ರೈಸ್ತ ನ್ಯಾಯ ಎಂದು ನಮ್ಮಲ್ಲಿ ಹಲವರು ನಂಬಿದ್ದಾರೆ. ವಿಮೋಚನಕಾಂಡದ ಇಪ್ಪತ್ತಮೂರನೆಯ ಅಧ್ಯಾಯ ಅದಕ್ಕಿಂತ ಕಠಿಣ. ಮೂರನೆಯ ವಚನ ಬಡವನೆಂಬ ಕಾರಣಕ್ಕೆ ವ್ಯಾಜ್ಯದಲ್ಲಿ ಪಕ್ಷಪಾತ ಮಾಡಬೇಡ ಎನ್ನುತ್ತದೆ, ಆರನೆಯದು ಬಡವನ ನ್ಯಾಯವನ್ನು ಕೆಡಿಸಬೇಡ ಎನ್ನುತ್ತದೆ. ನ್ಯಾಯಾಲಯದಲ್ಲಿ ಕಕ್ಷಿದಾರನ ಪರ ವಾದಿಸುವುದು ನನ್ನ ಕರ್ತವ್ಯ. ಆದರೆ ಇಗರ್ಜಿಯ ಮಾತುಕತೆಗೆ ಹಿರಿಯರು ನನ್ನನ್ನು ಮಧ್ಯಸ್ಥನಾಗಿ ಕರೆದಾಗ, ಕಣ್ಣೀರಿಟ್ಟವರ ಕಡೆಗೆ ಮನಸ್ಸು ವಾಲದಂತೆ ನೋಡಿಕೊಳ್ಳುವುದು ನನಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಹಾಗೆ ಮಧ್ಯಸ್ಥನಾಗಿ ಕೂತ ಮನೆಯ ವಕಾಲತ್ತನ್ನು ಮುಂದೆ ಯಾರ ಪರವಾಗಿಯೂ ವಹಿಸಿಕೊಳ್ಳುವುದಿಲ್ಲ.

ಆ ಮನೆಯವರು ಕೊನೆಗೆ ಲೋಕ ಅದಾಲತ್‌ನಲ್ಲಿ ರಾಜಿಯಾದರು. ಅಲ್ಲಿಯ ತೀರ್ಮಾನಕ್ಕೆ ಮೇಲ್ಮನವಿಯಿಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ಮರಳಿ ಸಿಗುತ್ತದೆ. ಮನೆ ಮತ್ತು ಮನೆಯ ಸುತ್ತಲಿನ ಜಾಗ ತಾಯಿಗೂ ಮಗನಿಗೂ, ಹಿತ್ತಲಿನ ಉಳಿದ ಭಾಗ ಹೆಣ್ಣುಮಕ್ಕಳಿಗೆ. ಅಣ್ಣ ಮಾಡಿದ ಖರ್ಚಿಗೆ ಪ್ರತಿಯಾಗಿ ಹಿರಿಯ ಮಗಳು ತಾನಾಗಿಯೇ ಕೆಲವು ಗುಂಟೆ ಬಿಟ್ಟುಕೊಟ್ಟಳು. ಕಾನೂನು ಅದನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬಿಟ್ಟುಕೊಡುವುದಕ್ಕೆ ಮೊದಲು ಅದು ಅವಳದ್ದು ಎಂದು ಎಲ್ಲರೂ ಒಪ್ಪಿದ್ದರು, ನನಗೆ ಬೇಕಾಗಿದ್ದದ್ದು ಅದು. ರಾಜಿ ಪತ್ರಕ್ಕೆ ಅಳತೆಯ ನಕ್ಷೆಯನ್ನು ಲಗತ್ತಿಸಿದೆವು. ಆಮೇಲೆ ಹಿಸ್ಸೆ ಒಡೆಸಿ, ಪಹಣಿಯಲ್ಲಿ ನಾಲ್ವರ ಹೆಸರೂ ಏರುವವರೆಗೆ ಕಡತವನ್ನು ನಾನು ಕಟ್ಟಿಡಲಿಲ್ಲ. ಹೆಸರು ಏರದೆ ಉಳಿದ ರಾಜಿಗಳು ಮೊಮ್ಮಕ್ಕಳ ಕಾಲಕ್ಕೆ ಮತ್ತೆ ದಾವೆಯಾಗಿ ನನ್ನಂಥವರ ಮೇಜಿಗೆ ಬರುತ್ತವೆ.