ಅಮೆರಿಕದ ಅಂತರ್ಯುದ್ಧ: 1861ರಲ್ಲಿ ಯಾರ ಕೈ ಮೇಲಿತ್ತೆಂದು ಅಳೆಯುವ ಬಗೆ

ಬೆಂಗಳೂರಿನ ವಿಜಯನಗರದ ಕೋಚಿಂಗ್ ತರಗತಿಗಳಿಗೆ ಹೋಗುವವರು ಯುದ್ಧ ಶುರುವಾದಾಗ ಯಾರ ಬಲ ಹೆಚ್ಚಿತ್ತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಪಟ್ಟಿ ಬರೆಯುತ್ತಾರೆ. ಉತ್ತರದವರಿಗೆ, ಅಂದರೆ ಅಮೆರಿಕದ ಒಕ್ಕೂಟದಲ್ಲೇ ಉಳಿದ ರಾಜ್ಯಗಳಿಗೆ, ಜನ, ರೈಲು, ಕಾರ್ಖಾನೆ. ದಕ್ಷಿಣದವರಿಗೆ, ಅಂದರೆ ಒಕ್ಕೂಟ ಬಿಟ್ಟು ಹೋದ ಗುಲಾಮಗಿರಿಯ ರಾಜ್ಯಗಳಿಗೆ, ಒಳ್ಳೆಯ ಸೇನಾಪತಿಗಳು. ಇಷ್ಟೆಲ್ಲ ಇದ್ದೂ ಉತ್ತರದವರು ಗೆಲ್ಲಲು ನಾಲ್ಕು ವರ್ಷ ಏಕೆ ಹಿಡಿಯಿತು ಎಂಬುದು ಆ ಪಟ್ಟಿಯಿಂದ ತಿಳಿಯುವುದಿಲ್ಲ.

ಮೊದಲು ಹಾಳೆಯ ಮೇಲ್ಭಾಗದಲ್ಲಿ ಒಂದು ದಿನಾಂಕ ಬರೆಯಿರಿ. ದಕ್ಷಿಣದವರು ಒಕ್ಕೂಟದ ಸಮ್ಟರ್ ಕೋಟೆಯ ಮೇಲೆ ಗುಂಡು ಹಾರಿಸಿ ಯುದ್ಧ ಶುರುವಾದ 1861ರ ಏಪ್ರಿಲ್ 12ರಂದು ದಕ್ಷಿಣದಲ್ಲಿದ್ದದ್ದು ಏಳೇ ರಾಜ್ಯ. ಜೂನ್ ಹೊತ್ತಿಗೆ ಹನ್ನೊಂದು. ಏಪ್ರಿಲ್ 17ರಂದು ವರ್ಜೀನಿಯಾ ಒಕ್ಕೂಟ ಬಿಡಲು ನಿರ್ಧರಿಸಿತು. ಅದರಿಂದ ರಿಚ್ಮಂಡ್‌ನ ಟ್ರೆಡೆಗಾರ್ ಕಬ್ಬಿಣದ ಕಾರ್ಖಾನೆ, ಹಾರ್ಪರ್ಸ್ ಫೆರಿಯ ಬಂದೂಕು ತಯಾರಿಸುವ ಯಂತ್ರಗಳು, ನಾರ್ಫೋಕ್ ನೌಕಾನೆಲೆಯ ಭಾರಿ ಫಿರಂಗಿಗಳು ದಕ್ಷಿಣದ ಪಾಲಾದವು. ದಿನಾಂಕ ಹಾಕದ ಹೋಲಿಕೆಯಲ್ಲಿ ಈ ತಿರುವೇ ಕಾಣುವುದಿಲ್ಲ.

ಅದರ ಕೆಳಗೆ ಎರಡೂ ಕಡೆಯವರ ಗುರಿ ಬರೆಯಿರಿ. ದಕ್ಷಿಣದವರು ಸೋಲದೆ ಉಳಿದರೆ ಸಾಕಿತ್ತು. ಉತ್ತರದವರು ಸುಮಾರು 19 ಲಕ್ಷ ಚದರ ಕಿ.ಮೀ. ನೆಲ, ಅಂದರೆ ಹತ್ತು ಕರ್ನಾಟಕದಷ್ಟು, ಗೆದ್ದು ಹಿಡಿದಿಟ್ಟುಕೊಳ್ಳಬೇಕಿತ್ತು. ಈ ಒಂದು ಸಾಲನ್ನು ಬಿಟ್ಟರೆ ಮುಂದಿನ ಯಾವ ಅಂಕಿಗೂ ಅರ್ಥವಿಲ್ಲ.

ಈಗ ಮೂರು ಕಾಲಂ ಎಳೆಯಿರಿ: ಎಷ್ಟಿತ್ತು, ಯಾವಾಗ ಬಳಕೆಗೆ ಬಂತು, ಗುರಿಗೆ ಎಷ್ಟು ಒದಗಿತು. ನೌಕಾಪಡೆಯನ್ನೇ ನೋಡಿ. ಒಕ್ಕೂಟದ ಬಳಿ ಸುಮಾರು 90 ಹಡಗುಗಳಿದ್ದವು, ಆದರೆ ಸೇವೆಯಲ್ಲಿದ್ದವು 42. ಅವುಗಳಲ್ಲೂ ಹಲವು ದೂರದ ಸಮುದ್ರಗಳಲ್ಲಿದ್ದವು. ಅಧ್ಯಕ್ಷ ಲಿಂಕನ್ ಏಪ್ರಿಲ್ 19ರಂದು ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಸಾರಿದಾಗ ಕಾಯಬೇಕಿದ್ದ ಕರಾವಳಿ ಸುಮಾರು 5,600 ಕಿ.ಮೀ. ಮೊದಲ ಕಾಲಂನಲ್ಲಿ ದೊಡ್ಡದಾಗಿ ಕಾಣುವ ಬಲ ಎರಡನೆಯದರಲ್ಲಿ ಹಿಂದೆ ಬೀಳುತ್ತದೆ.

ಹೆಚ್ಚು ಜನ ಎಡವುವುದು ಜನಸಂಖ್ಯೆಯಲ್ಲಿ. 1860ರ ಜನಗಣತಿಯಂತೆ ಒಟ್ಟು ಸುಮಾರು 3.14 ಕೋಟಿ. ದಕ್ಷಿಣದ ಹನ್ನೊಂದು ರಾಜ್ಯಗಳಲ್ಲಿ ಸುಮಾರು 91 ಲಕ್ಷ, ಅವರಲ್ಲಿ 35 ಲಕ್ಷ ಮಂದಿ ಗುಲಾಮರು. ಹಾಗೇ ಲೆಕ್ಕ ಹಾಕಿದರೆ ಸುಮಾರು ಎರಡೂವರೆಗೆ ಒಂದು. ಗುಲಾಮರನ್ನು ಕಳೆದರೆ ನಾಲ್ಕಕ್ಕೆ ಒಂದು. ಎರಡನ್ನೂ ಬರೆಯಿರಿ. ಗುಲಾಮರಿಗೆ ಬಂದೂಕು ಕೊಡದಿದ್ದರೂ ಅವರ ದುಡಿಮೆಯಿಂದಲೇ ಹೊಲ, ಕಾರ್ಖಾನೆ ನಡೆದು ಬಿಳಿಯರು ಸೇನೆಗೆ ಸೇರುವಂತಾಯಿತು. ಅವರನ್ನು ಸುಮ್ಮನೆ ಕಳೆದುಬಿಡುವುದು ಲೆಕ್ಕದ ತಪ್ಪಷ್ಟೇ ಅಲ್ಲ, ಅವರಿಗೆ ಮಾಡುವ ಅನ್ಯಾಯವೂ ಹೌದು. ಗುಲಾಮಗಿರಿ ಇದ್ದೂ ಒಕ್ಕೂಟದಲ್ಲೇ ಉಳಿದ ಗಡಿ ರಾಜ್ಯಗಳಾದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್‌ಗಳಿಂದ ಎರಡೂ ಕಡೆಗೆ ಸೈನಿಕರು ಹೋದರು. ಅವನ್ನು ಬೇರೆ ಸಾಲಿನಲ್ಲಿಡಿ.

ಹತ್ತಿಯನ್ನು ದಕ್ಷಿಣದ ಬಲವೆಂದು ಬರೆಯುವಾಗ ಎಚ್ಚರ. 1861ರಲ್ಲಿ ಅವರು ಹತ್ತಿ ಕಳಿಸುವುದನ್ನು ತಾವೇ ತಡೆಹಿಡಿದು, ಆ ಹತ್ತಿಯನ್ನೇ ನಂಬಿದ್ದ ಬ್ರಿಟನ್ನನ್ನು ತಮ್ಮ ಕಡೆ ಬಗ್ಗಿಸಲು ನೋಡಿದರು. ಆದರೆ ಬ್ರಿಟನ್ನಿನ ಗೋದಾಮುಗಳಲ್ಲಿ ಹಿಂದಿನ ಬೆಳೆಯ ದಾಸ್ತಾನು ತುಂಬಿತ್ತು. ಮುಂದೆ ಅಲ್ಲಿಗೆ ಈಜಿಪ್ಟ್ ಮತ್ತು ಭಾರತದ ಹತ್ತಿ ಹೋಯಿತು, ನಮ್ಮ ಧಾರವಾಡ ಸೀಮೆಯದೂ ಸೇರಿ.

ಅಧಿಕಾರಿಗಳ ಸಾಲು ಚಿಕ್ಕದಿರಲಿ: ಅಮೆರಿಕದ ಸೇನೆಯ ಸುಮಾರು 1,100 ಅಧಿಕಾರಿಗಳಲ್ಲಿ 300ರಷ್ಟು ಮಂದಿ ರಾಜೀನಾಮೆ ಕೊಟ್ಟು ದಕ್ಷಿಣಕ್ಕೆ ಹೋದರು. ಮುಂದೆ ಉತ್ತರವನ್ನು ಗೆಲ್ಲಿಸಿದ ಸೇನಾಪತಿಗಳಾದ ಗ್ರಾಂಟ್, ಶೆರ್ಮನ್ ಹೆಸರುಗಳನ್ನು ಇಲ್ಲಿ ತರಬೇಡಿ. ಯುದ್ಧ ಶುರುವಾದಾಗ ಅವರಿಬ್ಬರೂ ಸೇನೆಯಲ್ಲೇ ಇರಲಿಲ್ಲ.

ಕೊನೆಗೆ ಪ್ರತಿ ಸಾಲನ್ನೂ ಒಂದು ಘಟನೆಗೆ ಹಚ್ಚಿ ನೋಡಿ. ಸುಮಾರು 48,000 ಕಿ.ಮೀ. ರೈಲುಹಾದಿಯಲ್ಲಿ ದಕ್ಷಿಣದ ಪಾಲು ಮೂರನೇ ಒಂದಕ್ಕೂ ಕಡಿಮೆ. ಅಲ್ಲಿ ಗೇಜ್, ಅಂದರೆ ಹಳಿಗಳ ನಡುವಿನ ಅಗಲ, ಕೂಡ ಒಂದೇ ಆಗಿರಲಿಲ್ಲ. ಬೆಂಗಳೂರು–ಮೈಸೂರು ಮೀಟರ್ ಗೇಜ್ ಕಾಲವನ್ನು ಕಂಡವರಿಗೆ ಸಾಮಾನು ಇಳಿಸಿ ಏರಿಸುವ ಪಾಡು ಗೊತ್ತು. ಆದರೂ ವರ್ಜೀನಿಯಾದಲ್ಲಿ ನಡೆದ ಜುಲೈ 21ರ ಬುಲ್ ರನ್ ಕದನಕ್ಕೆ ಶೆನಂಡೋವಾ ಕಣಿವೆಯಿಂದ ದಕ್ಷಿಣದ ಸೇನಾಪತಿ ಜಾನ್‌ಸ್ಟನ್‌ನ ಪಡೆ ರೈಲಿನಲ್ಲೇ ಬಂದು ಸೇರಿತು, ದಕ್ಷಿಣದವರು ಗೆದ್ದರು. ಹಾಗಾಗಿ ರೈಲಿನ ಸಾಲಿನಲ್ಲಿ ‘ಉತ್ತರದವರದು ಮೇಲುಗೈ’ ಎಂದು ಬರೆದ ಮೇಲೆ ಎರಡನೇ ಕಾಲಂನಲ್ಲಿ ‘ಜುಲೈವರೆಗೆ ಇಲ್ಲ’ ಎಂದು ಸೇರಿಸಿ.